ಯಾಪ್ಯವ್ಯಾಧಿಯೂ ಸಾಹಿತ್ಯದ ಮಾತೂ

ಸಾಹಿತ್ಯದಲ್ಲಿ ಬರುವ ರೋಗಗಳನ್ನೆಲ್ಲ ಒಂದೆಡೆ ಕಲೆಹಾಕಿ ನೋಡಿದರೆ ಅವುಗಳಿಗೆ ಸಮಾನವಾದ ಲಕ್ಷಣವೊಂದು ಎದ್ದುಕಾಣುತ್ತದೆ: ಅವು ಮುಗಿಯುತ್ತವೆ. ಪ್ಲೇಗು ಊರನ್ನು ಹೊಕ್ಕು, ತನಗೆ ಬೇಕಾದ ಬಲಿಯನ್ನು ತೆಗೆದುಕೊಂಡು ಹೊರಟುಹೋಗುತ್ತದೆ. ವಿಷಮಜ್ವರವು ಏರಿ, ಬೆವರಿ, ಇಳಿದು, ನಾಯಕನನ್ನು ಹೊಸ ಮನುಷ್ಯನನ್ನಾಗಿ ಮಾಡಿ ಹಾಸಿಗೆಯಿಂದ ಎಬ್ಬಿಸುತ್ತದೆ. ಡ್ಯೂಮಾ ಮಗನ ಕ್ಯಾಮೆಲಿಯಾ ಹೂವಿನ ನಾಯಕಿ ಐದನೆಯ ಅಂಕದವರೆಗೆ ಕೆಮ್ಮಿ, ಅಲ್ಲಿ ಸಾಯುತ್ತಾಳೆ. ಅದಕ್ಕೆ ಮುಂಚೆ ಸಾಯುವುದೂ ಇಲ್ಲ, ಅದನ್ನು ಮೀರಿ ಬದುಕುವುದೂ ಇಲ್ಲ. ನಮ್ಮಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ತೆಗೆದುಕೊಂಡರೂ ಅಷ್ಟೆ: ನಾರಣಪ್ಪನು ಶಿವಮೊಗ್ಗೆಯಿಂದ ಜ್ವರವನ್ನು ಹೊತ್ತು ತಂದು ತೀರಿಕೊಳ್ಳುತ್ತಾನೆ, ಆ ಶವದ ಸುತ್ತ ಕಥೆಯ ಸಮಸ್ತ ಯಂತ್ರವೂ ಚಲಿಸತೊಡಗುತ್ತದೆ. ರೋಗವು ಇಲ್ಲೆಲ್ಲ ಕಥನದ ಸೇವಕ. ಬಂದ ಕೆಲಸವನ್ನು ಮುಗಿಸಿಕೊಟ್ಟು ಹಿಂದೆ ಸರಿಯುವುದು ಅದರ ಧರ್ಮ.

ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲವೆಂದು ತೋರಬಹುದು. ಆದರೆ ಕೊಲ್ಲದೆಯೂ ವಾಸಿಯಾಗದೆಯೂ ಇಪ್ಪತ್ತು ಮೂವತ್ತು ವರ್ಷ ಮನುಷ್ಯನೊಡನೆ ಸಂಸಾರ ಮಾಡುವ ವ್ಯಾಧಿಗಳಿವೆ. ಅವನ್ನು ಅನುಭವಿಸುವವರಿಗೆ ಸಾಹಿತ್ಯವು ಯಾವ ಮಾತನ್ನು ಕೊಟ್ಟಿದೆ, ಅಥವಾ ಕೊಡಲಾಗದೆ ಅವರ ಮಾತನ್ನೇ ಹೇಗೆ ಕೆಡಿಸಿದೆ, ಎಂಬುದು ವಿಮರ್ಶೆಯು ಕೇಳಬೇಕಾದ ಪ್ರಶ್ನೆ. ವಿಚಾರವು ಗಾಳಿಯಲ್ಲಿ ತೇಲಬಾರದೆಂದು ಒಂದೇ ವ್ಯಾಧಿಯನ್ನು ಮುಂದಿಟ್ಟುಕೊಳ್ಳುತ್ತೇನೆ.

1933ರಲ್ಲಿ ಹೆನ್ರಿಕ್ ಶೋಗ್ರೆನ್ (1899–1986) ಎಂಬ ಸ್ವೀಡನ್ನಿನ ನೇತ್ರವೈದ್ಯನು ಸ್ಟಾಕ್‌ಹೋಮಿನಲ್ಲಿ ಮಹಾಪ್ರಬಂಧವೊಂದನ್ನು ಒಪ್ಪಿಸಿದನು. ಅದರಲ್ಲಿ ವರ್ಣಿತರಾದವರು 19 ಮಂದಿ ಸ್ತ್ರೀಯರು. ಅವರ ಕಣ್ಣಿನಲ್ಲಿ ನೀರಿಲ್ಲ, ಬಾಯಲ್ಲಿ ಜೊಲ್ಲಿಲ್ಲ. 13 ಮಂದಿಗೆ ಕೀಲುಗಳ ಬಾಧೆಯೂ ಇತ್ತು. ಈ ಮೂರೂ ಒಂದೇ ವ್ಯಾಧಿಯ ಮುಖಗಳೆಂಬುದು ಶೋಗ್ರೆನ್ನನ ವಾದ. ಪರೀಕ್ಷಕರು ಆ ಪ್ರಬಂಧಕ್ಕೆ ಅಧ್ಯಾಪಕಪದವಿಗೆ ಸಾಲುವಷ್ಟು ಶ್ರೇಣಿಯನ್ನು ಕೊಡಲಿಲ್ಲ. ಹತ್ತು ವರ್ಷಗಳ ತರುವಾಯ, 1943ರಲ್ಲಿ, ಆಸ್ಟ್ರೇಲಿಯದ ಬ್ರೂಸ್ ಹ್ಯಾಮಿಲ್ಟನ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆಯೇ ಹೊರಗಿನ ವೈದ್ಯಪ್ರಪಂಚ ಅತ್ತ ಕಣ್ಣು ತೆರೆದದ್ದು. (ಸಣ್ಣ ಭಾಷೆಯ ಗ್ರಂಥಕ್ಕೆ ಅನುವಾದಕನಿಗಾಗಿ ಕಾಯುವ ಗತಿ ವೈದ್ಯಶಾಸ್ತ್ರದಲ್ಲಿಯೂ ತಪ್ಪಿದ್ದಲ್ಲವೆಂದು ಕನ್ನಡಿಗರು ಸಮಾಧಾನ ಪಡಬಹುದು.) ಈಗ ಆ ವ್ಯಾಧಿಗೆ ಅವನ ಹೆಸರೇ ನಿಂತಿದೆ. ರಕ್ತದಲ್ಲಿರುವ ಒಂದು ಬಗೆಯ ಬಿಳಿಯ ಕಣಗಳು ಜೊಲ್ಲಿನ ಹಾಗೂ ಕಣ್ಣೀರಿನ ಗ್ರಂಥಿಗಳಲ್ಲಿ ಬೀಡುಬಿಟ್ಟು ಅವುಗಳ ಕಾರ್ಯವನ್ನು ಕುಗ್ಗಿಸುತ್ತವೆ. ಹೊರಗಿನ ವೈರಿಯ ಮೇಲೆ ಹುಟ್ಟಬೇಕಾದ ಪ್ರತಿಕಾಯಗಳು ಸ್ವಂತ ಅಂಗಾಂಶದ ಮೇಲೆಯೇ ಹುಟ್ಟುತ್ತವೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಗಂಟಲು ಒಣಗಿ ಕೆರೆಯುತ್ತದೆ, ಧ್ವನಿ ಒಡೆಯುತ್ತದೆ, ಒಣಕೆಮ್ಮು ಬಿಡುವುದಿಲ್ಲ, ತುತ್ತು ನೀರಿಲ್ಲದೆ ಇಳಿಯುವುದಿಲ್ಲ, ಹಲ್ಲು ಬೇಗ ಹುಳುಕುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ನಿದ್ರೆಯಿಂದ ಪರಿಹಾರವಾಗದ ಒಂದು ಬಳಲಿಕೆ. 2011ರಲ್ಲಿ ಟೆನ್ನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ಅಮೆರಿಕದ ಮುಕ್ತ ಪಂದ್ಯಾವಳಿಯಿಂದ ಹಿಂದೆಗೆದು ಈ ರೋಗದ ಹೆಸರನ್ನು ಹೇಳಿದಾಗ, ಅಂಥ ದೇಹಕ್ಕೂ ಇಂಥ ಆಯಾಸವೇ ಎಂದು ಲೋಕ ಬೆರಗಾಯಿತು.

ಈ ಲಕ್ಷಣಗಳ ಪಟ್ಟಿಯಲ್ಲಿ ನಾಟಕೀಯವಾದದ್ದು ಯಾವುದೂ ಇಲ್ಲ. ಗಂಟಲ ಕೆರೆತವೆಂಬುದು ಶೀತವಾದ ಮಗುವಿಗೂ ಬರುತ್ತದೆ. ದಣಿವು ಕೆಲಸ ಮಾಡಿದ ಯಾರಿಗೂ ಬರುತ್ತದೆ. ಇವು ಎಲ್ಲರಿಗೂ ಗೊತ್ತಿರುವ ಮಾತುಗಳು. ಗೊತ್ತಿರುವ ಮಾತಾದುದರಿಂದಲೇ ಇಲ್ಲಿ ತೊಡಕು ಹುಟ್ಟುತ್ತದೆ.

ಗಂಟಲನ್ನೇ ಮೊದಲು ನೋಡೋಣ. ಕನ್ನಡದಲ್ಲಿ ಗಂಟಲು ಬಿಗಿದು ಬಂದರೆ ದುಃಖ. ಗಂಟಲು ಕಟ್ಟಿದರೆ ಕನಿಕರ. ಗಂಟಲ ಪಸೆ ಆರಿದರೆ ಭಯ. ಗಂಟಲಲ್ಲಿ ತುತ್ತು ಇಳಿಯದಿದ್ದರೆ ವಿರಹ ಅಥವಾ ಅವಮಾನ. ಕಥೆಗಾರನೊಬ್ಬನು ‘ಅವಳ ಗಂಟಲು ಒಣಗಿತು’ ಎಂದು ಬರೆದರೆ ಅವಳಿಗೆ ಜೊಲ್ಲಿನ ಗ್ರಂಥಿಗಳ ರೋಗವಿದೆಯೆಂದು ಯಾವ ವಾಚಕನೂ ತಿಳಿಯನು. ಮುಂದಿನ ವಾಕ್ಯದಲ್ಲಿ ಪೊಲೀಸರೋ ಅತ್ತೆಯೋ ಬರುವರೆಂದು ನಿರೀಕ್ಷಿಸುವನು. ಈ ಸಂಪ್ರದಾಯ ಹಳೆಯದು. ಅಲಂಕಾರಶಾಸ್ತ್ರವು ಎಂಟು ಸಾತ್ತ್ವಿಕಭಾವಗಳಲ್ಲಿ ಸ್ವರಭೇದವನ್ನು ಸೇರಿಸಿತು; ಅಂದಿನಿಂದ ಒಡೆದ ಧ್ವನಿ ಒಳಗಿನ ಭಾವಕ್ಕೆ ಸಾಕ್ಷಿಯಾಗಿ ನಿಂತಿತು. ಭರತನಾದರೋ ಸ್ವರಭೇದದ ಕಾರಣಗಳಲ್ಲಿ ಭಯ ಹರ್ಷ ಕ್ರೋಧಗಳೊಡನೆ ರೋಗವನ್ನೂ ಹೇಳಿದ್ದಾನೆ. ಕಾವ್ಯಪರಂಪರೆಯು ಮೊದಲಿನವನ್ನು ಇಟ್ಟುಕೊಂಡು ಕೊನೆಯದನ್ನು ಕೈಬಿಟ್ಟಿತು. ಪರಿಣಾಮವೇನೆಂದರೆ, ಗಂಟಲೊಣಗಿದ ಹೆಂಗಸು ತನ್ನ ಬಾಧೆಯನ್ನು ಹೇಳಿಕೊಂಡಾಗ ಕೇಳುವವರ ಕಿವಿಗೆ ಅದು ಬಾಧೆಯಾಗಿ ಬೀಳುವುದಿಲ್ಲ, ಭಾವವಾಗಿ ಬೀಳುತ್ತದೆ. ‘ಏನನ್ನೋ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಎನ್ನುತ್ತಾರೆ. ವೈದ್ಯನೂ ಅದೇ ಭಾಷೆಯಲ್ಲಿ ಬೆಳೆದವನಷ್ಟೆ.

ದಣಿವಿನ ಕಥೆ ಇದಕ್ಕಿಂತ ಜಟಿಲ. ದಣಿವು ಎಂಬ ಮಾತಿನೊಳಗೆ ದುಡಿಮೆ ಅಡಗಿದೆ. ದುಡಿಯದೆ ದಣಿದೆನೆಂದರೆ ನಗುತ್ತಾರೆ. ಆಯಾಸವೂ ಶ್ರಮವೂ ಹಾಗೆಯೇ. ಬಳಲಿಕೆಗೆ ದಾರಿ ನಡೆದ ವಾಸನೆಯಿದೆ. ‘ನಿತ್ರಾಣ’ವೆಂಬುದು ಹಾಸಿಗೆ ಹಿಡಿದವನಿಗೆ ಒಪ್ಪುವ ಮಾತು, ಹಾಸಿಗೆಯನ್ನು ಮಡಿಸಿಟ್ಟು ಕಚೇರಿಗೆ ಹೋಗುವವಳು ಅದನ್ನು ಆಡಿದರೆ ಅತಿಶಯೋಕ್ತಿ ಎನಿಸುತ್ತದೆ. ಉತ್ತರ ಕರ್ನಾಟಕದ ಹೆಂಗಸರು ‘ಮೈ ಸೋತದ’ ಎನ್ನುತ್ತಾರೆ. ನನಗೆ ಇದೊಂದೇ ಸಮೀಪದ ಮಾತಾಗಿ ತೋರುತ್ತದೆ. ಇಲ್ಲಿ ಕರ್ತೃ ಮೈಯೇ. ಅದು ಯಾವ ಕೆಲಸದ ಲೆಕ್ಕವನ್ನೂ ಒಪ್ಪಿಸಬೇಕಾಗಿಲ್ಲ. ಈ ವಿವೇಚನೆ ನಮ್ಮ ಶಾಸ್ತ್ರಕಾರರಿಗೆ ತಿಳಿಯದ ವಿಷಯವಲ್ಲ. ಭರತನು ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಎಣಿಸುವಾಗ ಗ್ಲಾನಿ, ಶ್ರಮ, ಆಲಸ್ಯ ಎಂದು ಮೂರನ್ನು ಬೇರೆ ಬೇರೆಯಾಗಿಯೇ ಹೇಳಿದನು: ದಾರಿ ನಡೆದು, ವ್ಯಾಯಾಮ ಮಾಡಿ ಬರುವುದು ಶ್ರಮ, ವ್ಯಾಧಿ, ಉಪವಾಸ, ಮನಸ್ತಾಪ ಮೊದಲಾದವುಗಳಿಂದ ಬರುವುದು ಗ್ಲಾನಿ. ಎಷ್ಟು ಉಪಯುಕ್ತವಾದ ವಿಭಾಗ! ಇಂದಿನ ಕನ್ನಡದಲ್ಲಾದರೋ ಗ್ಲಾನಿಯು ಧರ್ಮಕ್ಕೆ ಮಾತ್ರ ಬರುತ್ತದೆ, ದೇಹಕ್ಕೆ ಬರುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದರ ಮೇಲೆ ಇನ್ನೊಂದು ಪದರವಿದೆ. ದಿನಬಳಕೆಯಲ್ಲಿ ನಾವು ಹೆಚ್ಚಾಗಿ ಆಡುವುದು ‘ಸುಸ್ತು’. ಪಾರಸಿಯಿಂದ ಬಂದ ಈ ಮಾತು ಕನ್ನಡದಲ್ಲಿ ನಿರ್ದೋಷಿ: ಸುಸ್ತಾದವನಿಗೆ ನೀರು ಕೊಡುತ್ತೇವೆ. ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಅದೇ ಮಾತಿಗೆ ಜಡತೆ, ಸೋಮಾರಿತನದ ಛಾಯೆಯಿದೆ. ಮುಂಬಯಿಯ ದವಾಖಾನೆಯಲ್ಲಿ ಕನ್ನಡದ ತಾಯಿ ‘ಸುಸ್ತು’ ಎಂದುದನ್ನು ಅಲ್ಲಿಯೇ ಹುಟ್ಟಿ ಬೆಳೆದ ಮಗನು ‘ಸುಸ್ತಿ’ ಎಂದು ಅನುವಾದಿಸಿದ ಕ್ಷಣದಲ್ಲಿ ರೋಗಲಕ್ಷಣವೊಂದು ಸ್ವಭಾವದೋಷವಾಗಿ ಮಾರ್ಪಡುತ್ತದೆ. ಹೈದರಾಬಾದಿನಲ್ಲಿ ‘ಆಯಾಸ’ ಎಂದರೆ ಮತ್ತೊಂದು ಅನರ್ಥ. ತೆಲುಗಿನಲ್ಲಿ ಅದು ಏದುಸಿರು, ಆದುದರಿಂದ ವೈದ್ಯನ ಕೈ ನೇರವಾಗಿ ಎದೆಗೊಳವೆಗೆ ಹೋಗುತ್ತದೆ. ಸಮಾನಪದಗಳು ನೆರೆಯ ಭಾಷೆಗಳ ನಡುವೆ ಸೇತುವೆಯೆಂದು ನಮ್ಮ ಸಮಾರಂಭಗಳಲ್ಲಿ ಪದೇಪದೇ ಕೇಳುತ್ತೇವೆ. ದೇಹದ ವಿಷಯದಲ್ಲಿ ಅವು ಸೇತುವೆಯೆಂಬಂತೆ ಕಾಣುವ ಹಳ್ಳ.

ಈ ವ್ಯಾಧಿ ನನ್ನ ಮನೆಯಲ್ಲಿಯೇ ವಾಸವಾಗಿರುವುದರಿಂದ, ಪುಸ್ತಕದಲ್ಲಿ ದೊರೆಯದ ಒಂದೆರಡು ಸಂಗತಿಗಳನ್ನು ಸೇರಿಸಬಹುದು. ನನ್ನ ಮನೆಯಾಕೆ ಜೋಳದ ರೊಟ್ಟಿಯನ್ನು ಬಿಟ್ಟು ವರ್ಷಗಳಾದವು. ಸಾರಿನಲ್ಲಿ ನೆನೆದ ಅನ್ನ ಮಾತ್ರ ಇಳಿಯುತ್ತದೆ. ಲೋಕಲ್ ಗಾಡಿಯಲ್ಲಿ ಹಣದ ಚೀಲವನ್ನು ಮರೆತಾಳು, ನೀರಿನ ಶೀಶೆಯನ್ನು ಮರೆಯಳು. ರಾತ್ರಿ ಮೂರು ಬಾರಿ ಎದ್ದು ಗುಟುಕು ನೀರು ಕುಡಿಯುತ್ತಾಳೆ. ಭಜನಾಮಂಡಳಿಯಲ್ಲಿ ಮೊದಲು ಪದ ಎತ್ತಿಕೊಡುತ್ತಿದ್ದವಳು ಈಗ ತಾಳ ಹಾಕುತ್ತಾಳೆ. ಮನೆಗೆ ಬಂದವರೆಲ್ಲ ‘ಚೆನ್ನಾಗಿಯೇ ಕಾಣುತ್ತೀರಲ್ಲ’ ಎಂದು ಸಂತೋಷಪಡುತ್ತಾರೆ. ಆ ಸಂತೋಷಕ್ಕೆ ಉತ್ತರವಾಗಿ ನಗುವುದು ಆಕೆಗೆ ದಿನದ ಕಠಿಣವಾದ ಕೆಲಸಗಳಲ್ಲಿ ಒಂದು. ತುಟಿಯ ಒಳಗಿನ ಸಣ್ಣ ಗ್ರಂಥಿಯ ಚೂರನ್ನು ತೆಗೆದು ಪರೀಕ್ಷಿಸಿ ರೋಗವಿದೆಯೆಂದು ಹೇಳಿದ ದಿನ ಆಕೆ ಅಳಲಿಲ್ಲ. ತನ್ನ ಮಾತು ನಿಜವೆಂದು ಕಾಗದದ ಮೇಲೆ ಬಂದುದಕ್ಕೆ ಆಕೆಗೆ ಹಗುರವಾಯಿತು. ಅದಕ್ಕೆ ಮುಂಚಿನ ನಾಲ್ಕು ವರ್ಷ ಇಬ್ಬರು ವೈದ್ಯರು ಮನಶ್ಶಾಂತಿಯನ್ನು ಬೋಧಿಸಿದ್ದರು.

ಇನ್ನು ಈ ಕುರಿತು ಬರೆದವರ ವಿಷಯ. ವರ್ಜೀನಿಯಾ ವುಲ್ಫ್ 1926ರಲ್ಲಿ ‘ಆನ್ ಬೀಯಿಂಗ್ ಇಲ್’ ಎಂಬ ಪ್ರಬಂಧವನ್ನು ಪ್ರಕಟಿಸಿ, ಪ್ರೇಮ ಯುದ್ಧ ಈರ್ಷ್ಯೆಗಳಿಗೆ ದೊರೆತ ಸ್ಥಾನ ರೋಗಕ್ಕೆ ಸಾಹಿತ್ಯದಲ್ಲಿ ಏಕೆ ದೊರೆಯಲಿಲ್ಲವೆಂದು ಕೇಳಿದಳು. ತತ್ತ್ವಚಿಂತನೆಗೆ ಸಮರ್ಥವಾದ ಇಂಗ್ಲಿಷು ತಲೆನೋವಿನ ಮುಂದೆ ಮೂಕವಾಗುವುದೆಂದಳು. ಪ್ರಶ್ನೆ ದೊಡ್ಡದು, ಪ್ರಬಂಧ ಸುಂದರವಾದದ್ದು. ಆದರೆ ಅದರಲ್ಲಿರುವ ರೋಗಿ ಮಲಗಿದ್ದಾಳೆ. ಮಲಗಿರುವುದರಿಂದಲೇ ಆಕೆಗೆ ಆಕಾಶ ಕಾಣುತ್ತದೆ, ಮೋಡಗಳ ಆಟ ಕಾಣುತ್ತದೆ. ನೆಟ್ಟಗೆ ನಿಂತವರ ದಂಡಿನಿಂದ ತಪ್ಪಿಸಿಕೊಂಡ ಸ್ವಾತಂತ್ರ್ಯ ಸಿಗುತ್ತದೆ. ನಮ್ಮ ರೋಗಿಗೆ ಮಲಗುವ ಅಧಿಕಾರವಿಲ್ಲ. ಆಕೆ ನೆಟ್ಟಗೆ ನಿಂತವರ ಸಾಲಿನಲ್ಲಿಯೇ, ಅವರ ವೇಗದಲ್ಲಿಯೇ ನಡೆಯಬೇಕು. ಆಕಾಶವನ್ನು ನೋಡಲು ವುಲ್ಫಳಿಗಿದ್ದ ವಿರಾಮ ಒಂದು ಬಗೆಯ ಆಸ್ತಿ.

ಸೂಸನ್ ಸಾಂಟ್ಯಾಗ್ 1978ರಲ್ಲಿ ‘ಇಲ್ನೆಸ್ ಆ್ಯಸ್ ಮೆಟಫರ್’ ಗ್ರಂಥವನ್ನು ಬರೆದಾಗ ಆಕೆಯ ಎದುರಿಗಿದ್ದವು ಕ್ಷಯ ಮತ್ತು ಅರ್ಬುದ. ರೋಗವನ್ನು ರೂಪಕವಾಗಿ ಬಳಸುವುದು ರೋಗಿಗೆ ಬಗೆಯುವ ದ್ರೋಹವೆಂಬ ಆಕೆಯ ವಾದ ಇಂದಿಗೂ ನಿಂತಿದೆ. ಸ್ವತಃ ಅರ್ಬುದದಿಂದ ಬಳಲಿದವಳು ತನ್ನ ಕಥೆಯನ್ನು ಒಂದಕ್ಷರವೂ ಹೇಳದೆ ಬರೆದಳೆಂಬುದು ಆ ಗ್ರಂಥದ ಗಾಂಭೀರ್ಯಕ್ಕೆ ಕಾರಣ. ಆದರೂ ಆರೋಗ್ಯವಂತರ ರಾಜ್ಯ, ರೋಗಿಗಳ ರಾಜ್ಯ ಎಂದು ಎರಡು ರಾಜ್ಯಗಳನ್ನು ಆಕೆ ಆರಂಭದಲ್ಲಿಯೇ ಕಲ್ಪಿಸುತ್ತಾಳೆ. ಎರಡರಲ್ಲಿಯೂ ಖಾಯಂ ವಿಳಾಸವಿಲ್ಲದೆ, ಎರಡು ಕಡೆಯೂ ಪಡಿತರ ಚೀಟಿಗಾಗಿ ಸಾಲಿನಲ್ಲಿ ನಿಲ್ಲುವವರ ಸ್ಥಿತಿ ಆ ಭೂಪಟದಲ್ಲಿ ಇಲ್ಲ. ವಲಸೆ ಬಂದ ನಮಗಾದರೂ ಅದು ಬೇಗ ಅರ್ಥವಾಗಬೇಕು.

ರೂಪಕದ ವಿಷಯ ಬಂದುದರಿಂದ ಹೇಳಬೇಕಾದ ಮಾತೊಂದಿದೆ. ದೇಹವು ತನಗೆ ತಾನೇ ವಿಷವಾಗುವುದನ್ನು ಪ್ರಕೃತಿ ಸಹಿಸದೆಂದು 1901ರ ಸುಮಾರಿಗೆ ಪಾಲ್ ಎರ್ಲಿಖ್ ಪ್ರತಿಪಾದಿಸಿ, ಆ ಹೇವರಿಕೆಗೆ ಲ್ಯಾಟಿನ್ನಿನಲ್ಲಿ ‘ಹಾರರ್ ಆಟೊಟಾಕ್ಸಿಕಸ್’ ಎಂದು ಹೆಸರಿಟ್ಟನು. ಸ್ವಂತ ಅಂಗದ ಮೇಲೆಯೇ ಪ್ರತಿಕಾಯ ಹುಟ್ಟಬಹುದೆಂಬ ಮಾತನ್ನು ವಿಜ್ಞಾನಿಗಳು ಅರ್ಧ ಶತಮಾನ ಶಂಕಿಸಿದರು. 1912ರಲ್ಲಿ ಹಕಾರು ಹಶಿಮೊಟೊ ವರ್ಣಿಸಿದ್ದ ಥೈರಾಯ್ಡ್ ಗ್ರಂಥಿಯ ರೋಗದಲ್ಲಿ ಅಂಥ ಪ್ರತಿಕಾಯಗಳನ್ನು ರಾಯ್ಟ್, ಡೋನಿಯಾಕ್ ಮೊದಲಾದವರು 1956ರಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟರು. ವಿಜ್ಞಾನ ಒಪ್ಪಿದ್ದೇ ತಡ, ಜನಪ್ರಿಯ ಬರವಣಿಗೆ ಅದನ್ನು ನೀತಿಕಥೆಯಾಗಿ ಮಾಡಿಕೊಂಡಿತು: ದೇಹವು ತನ್ನ ಮೇಲೆಯೇ ಯುದ್ಧ ಸಾರಿದೆ, ಕಾವಲುಗಾರನೇ ಕಳ್ಳನಾಗಿದ್ದಾನೆ. ನಮ್ಮ ಆರೋಗ್ಯಾಂಕಣಗಳಿಗಂತೂ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಸಿದ್ಧವಾಗಿ ಕಾದಿತ್ತು. ಬಸವಣ್ಣನವರ ವಚನವೊಂದರಲ್ಲಿ ಈ ಬೇಲಿಯ ಚಿತ್ರ ಬರುತ್ತದೆ. ಅಲ್ಲಿ ಅದರ ಬಲವಿರುವುದು ಕೊನೆಯ ಅಸಹಾಯಕತೆಯಲ್ಲಿ, ದೂರನ್ನು ಒಯ್ಯಲು ಯಾರೂ ಉಳಿಯದಿರುವುದರಲ್ಲಿ. ಅಂಕಣಕಾರರು ಆ ಅಸಹಾಯಕತೆಯನ್ನು ಬಿಟ್ಟು ದ್ರೋಹವನ್ನು ಮಾತ್ರ ಎತ್ತಿಕೊಂಡರು. ದ್ರೋಹವೆಂದ ಮೇಲೆ ದ್ರೋಹಿಯೊಬ್ಬನು ಬೇಕು. ಇಲ್ಲಿ ರೋಗಿಯ ಹೊರತು ಇನ್ನು ಯಾರಿದ್ದಾರೆ? ‘ನಿನ್ನನ್ನು ನೀನು ಪ್ರೀತಿಸಿಕೊಳ್ಳುವುದಿಲ್ಲ, ಅದಕ್ಕೇ ದೇಹ ತಿರುಗಿಬಿದ್ದಿದೆ’ ಎಂಬ ಉಪದೇಶ ಈ ದಾರಿಯಿಂದಲೇ ಬಂದದ್ದು. ಇದೇ ಕಾರಣಕ್ಕೆ, ಗಂಟಲಿನ ಮಾತು ಬಂದಾಗ ನೀಲಕಂಠನನ್ನು ಹೋಲಿಕೆಗೆ ತರಲು ಯಾವ ಭಾಷಣಕಾರನಿಗಾದರೂ ಆಸೆಯಾದೀತು, ತರಕೂಡದು. ವಿಷವನ್ನು ಲೋಕಹಿತಕ್ಕಾಗಿ ಧರಿಸಿದವನ ಮಹಿಮೆಯನ್ನು ನೀರಿನ ಶೀಶೆ ಹಿಡಿದವಳ ಮೇಲೆ ಹೊರಿಸುವುದು ಹೊಗಳಿಕೆಯ ವೇಷದ ಅಲಕ್ಷ್ಯ.

ಹಾಗಾದರೆ ಸರಿಯಾಗಿ ಬರೆದವರು ಯಾರು? ನನ್ನ ಅಭಿಪ್ರಾಯದಲ್ಲಿ ಅಮೆರಿಕದ ದಕ್ಷಿಣದ ಕಥೆಗಾರ್ತಿ ಫ್ಲ್ಯಾನರಿ ಓಕಾನರ್ (1925–1964). ಆಕೆಯದು ಶೋಗ್ರೆನ್ನನ ರೋಗವಲ್ಲ, ಅದರ ಹತ್ತಿರದ ಬಳಗದ ಲೂಪಸ್. ತಂದೆ 1941ರಲ್ಲಿ ಅದೇ ರೋಗದಿಂದ ತೀರಿಕೊಂಡಿದ್ದನು. 1950ರ ಕ್ರಿಸ್‌ಮಸ್ಸಿಗೆ ಊರಿಗೆ ಬರುವ ರೈಲಿನಲ್ಲಿ ಆಕೆ ಕಾಯಿಲೆಬಿದ್ದಳು. ಸಂಧಿವಾತವೆಂದು ಹೇಳಿ ತಾಯಿ ನಿಜವನ್ನು ಮುಚ್ಚಿಟ್ಟಳು. 1952ರಲ್ಲಿ ಗೆಳತಿ ಸ್ಯಾಲಿ ಫಿಟ್ಸ್‌ಜೆರಾಲ್ಡ್ ಬಾಯಿಬಿಟ್ಟ ಮೇಲೆಯೇ ಮಗಳಿಗೆ ರೋಗದ ಹೆಸರು ತಿಳಿದದ್ದು. ಜಾರ್ಜಿಯಾದ ಮಿಲೆಜ್‌ವಿಲ್ ಬಳಿಯ ಹೈನಿನ ತೋಟದಲ್ಲಿ ತಾಯಿಯೊಡನೆ, ನವಿಲುಗಳನ್ನು ಸಾಕಿಕೊಂಡು, 39ನೆಯ ವಯಸ್ಸಿನಲ್ಲಿ ಸಾಯುವವರೆಗೆ ಬಾಳಿದಳು. ಬೆಳಿಗ್ಗೆ ಎರಡು ಮೂರು ಗಂಟೆ ಬರವಣಿಗೆ. ಉಳಿದ ದಿನವೆಲ್ಲ ಅದರಿಂದ ಚೇತರಿಸಿಕೊಳ್ಳುವುದು. 1955ರಿಂದ ಊರುಗೋಲು.

ಈ ಬಾಳಿನಲ್ಲಿ ಕುಳಿತು ಆಕೆ 1958ರಲ್ಲಿ ಪ್ರಕಟಿಸಿದ ‘ದಿ ಎಂಡ್ಯೂರಿಂಗ್ ಚಿಲ್’ ಎಂಬ ಕಥೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಅದರ ನಾಯಕ ಆ್ಯಸ್‌ಬರಿ ಇಪ್ಪತ್ತೈದು ವರ್ಷದ ತರುಣ, ಬರೆಯಲಾರದ ಬರಹಗಾರ. ನ್ಯೂಯಾರ್ಕಿನಲ್ಲಿ ಕಾಯಿಲೆಬಿದ್ದು, ತಾನು ಸಾಯುವುದು ಖಚಿತವೆಂದು ನಂಬಿ, ತಾಯಿಯ ಹೈನಿನ ತೋಟಕ್ಕೆ ಮರಳುತ್ತಾನೆ. ಕಾಫ್ಕನು ತಂದೆಗೆ ಬರೆದಂಥ ಪತ್ರವೊಂದನ್ನು ತಾಯಿಗೆ ಬರೆದು, ತನ್ನ ಮರಣಾನಂತರ ಓದಲೆಂದು ಎರಡು ಟಿಪ್ಪಣಿ ಪುಸ್ತಕಗಳಲ್ಲಿ ತುಂಬಿಟ್ಟಿದ್ದಾನೆ. ಸಾಯುವ ಮುನ್ನ ಮಹತ್ತಾದ ಅನುಭವವೊಂದು ಆಗಬೇಕೆಂದು ಪಾದ್ರಿಯನ್ನು ಕರೆಸುತ್ತಾನೆ; ಜ್ಞಾನಚರ್ಚೆಯ ಆಸೆಯಿಂದ ಕರೆಸಿದರೆ ಬಂದವನು ಒಂದು ಕಣ್ಣಿಲ್ಲದ, ಕಿವಿ ಮಂದವಾದ ಮುದುಕ, ಮಕ್ಕಳಿಗೆ ಕೇಳುವ ಪ್ರಾರ್ಥನಾಪಾಠವನ್ನು ಒಪ್ಪಿಸೆನ್ನುತ್ತಾನೆ. ತೋಟದ ಕರಿಯ ಆಳುಗಳನ್ನು ಕರೆಸಿ ಬೀಳ್ಕೊಳ್ಳಲು ನೋಡಿದರೆ ಅದೂ ನಗೆಪಾಟಲಾಗುತ್ತದೆ. ಕೊನೆಗೆ, ಆ್ಯಸ್‌ಬರಿ ತಿರಸ್ಕರಿಸುವ ಹಳ್ಳಿಯ ವೈದ್ಯ ಬ್ಲಾಕ್ ರಕ್ತವನ್ನು ಪರೀಕ್ಷಿಸಿ ಸತ್ಯವನ್ನು ತರುತ್ತಾನೆ: ಇದು ಹಸುಗಳಿಂದ ಬರುವ, ಏರಿಳಿಯುತ್ತ ಮರುಕಳಿಸುವ ಜ್ವರ, ನೋಯಿಸೀತು, ಕೊಲ್ಲದು. ತಾಯಿಯ ನಿಷೇಧವನ್ನು ಮೀರಿ, ಆಳುಗಳ ಮುಂದೆ ಧೀರನಾಗಿ ತೋರಲು ಹಿಂದೊಮ್ಮೆ ಕಾಸದ ಹಾಲನ್ನು ಕುಡಿದುದರ ಫಲವದು. ಆಳುಗಳು ಕುಡಿದಿರಲಿಲ್ಲ.

ರೋಗಶಾಸ್ತ್ರದ ದೃಷ್ಟಿಯಿಂದ ಇದು ಸೋಂಕು. ಲೂಪಸ್ಸೂ ಅಲ್ಲ, ಶೋಗ್ರೆನ್ನನ ರೋಗವೂ ಅಲ್ಲ. ಆದರೆ ಸಾಹಿತ್ಯಪ್ರಶ್ನೆಯ ದೃಷ್ಟಿಯಿಂದ ಇದಕ್ಕಿಂತ ನಿಖರವಾದ ಕಥೆಯಿಲ್ಲ. ಆ್ಯಸ್‌ಬರಿಗೆ ಬೇಕಾಗಿದ್ದದ್ದು ನಾನು ಮೊದಲು ಹೇಳಿದ ಬಗೆಯ ರೋಗ, ಐದನೆಯ ಅಂಕವುಳ್ಳದ್ದು. ಅವನ ಆದರ್ಶವಾದ ಕಾಫ್ಕನಿಗೆ ಅದು ದೊರೆತಿತ್ತು: ಕಂಠದ ಕ್ಷಯದಿಂದ ಮಾತಾಡಕೂಡದೆಂಬ ನಿಷೇಧ, ಚೀಟಿಗಳಲ್ಲಿ ಬರೆದು ತೋರಿಸಿದ ಕೊನೆಯ ಮಾತುಗಳು, ಗಾಯಕಿ ಜೋಸೆಫೀನಳ ಕಥೆ, 1924ರ ಜೂನ್ 3ರಂದು ಮರಣ. ಆ ಗಂಟಲಿಗೆ ದುರಂತದ ಗಾಂಭೀರ್ಯವಿದೆ. ಯಾರೂ ಅದನ್ನು ಶಂಕಿಸುವುದಿಲ್ಲ. ಆ್ಯಸ್‌ಬರಿಗೆ ಸಿಕ್ಕಿದ್ದು ದುರಂತವಲ್ಲ, ಮುಂದುವರಿಕೆ. ಸಾವಿನ ಮೇಲೆ ಕಟ್ಟಿದ ಅವನ ಕಲೆಯೆಲ್ಲ, ಆ ಎರಡು ಪುಸ್ತಕಗಳ ಪತ್ರವೂ ಸೇರಿ, ಬದುಕುವ ಸುದ್ದಿಯೊಡನೆ ನಿರರ್ಥಕವಾಗುತ್ತದೆ. ಛಾವಣಿಯ ಮೇಲೆ ಹಕ್ಕಿಯ ಆಕಾರದ ತೇವದ ಕಲೆ ಅವನತ್ತ ಇಳಿಯತೊಡಗುವಲ್ಲಿ ಕಥೆ ನಿಲ್ಲುತ್ತದೆ; ಕ್ರೈಸ್ತಶ್ರದ್ಧೆಯವರು ಅದನ್ನು ಪವಿತ್ರಾತ್ಮವೆಂದು ಓದುತ್ತಾರೆ, ಓಕಾನರಳ ಆಶಯವೂ ಅದೇ. ನನಗಾದರೋ ಆ ಹಕ್ಕಿಯ ಕೊಕ್ಕಿನಲ್ಲಿರುವ ಹಿಮದ ಕಡ್ಡಿಯೇ ಮುಖ್ಯ. ಅನುಗ್ರಹವು ಬೆಚ್ಚಗಿರುತ್ತದೆಂದು ಆಕೆ ಎಲ್ಲಿಯೂ ಹೇಳಿದವಳಲ್ಲ.

ಇದೇ ಹರಿತವನ್ನು ಆಕೆ ತನ್ನ ವಿಷಯದಲ್ಲಿಯೂ ಬಳಸಿದಳೆಂಬುದು 1979ರಲ್ಲಿ ಸ್ಯಾಲಿ ಫಿಟ್ಸ್‌ಜೆರಾಲ್ಡ್ ಸಂಪಾದಿಸಿದ ‘ದಿ ಹ್ಯಾಬಿಟ್ ಆಫ್ ಬೀಯಿಂಗ್’ ಪತ್ರಸಂಪುಟದಿಂದ ತಿಳಿಯುತ್ತದೆ. ಅಲ್ಲಿ ರೋಗವು ಒಂದು ಅಧ್ಯಾಯವಾಗಿ ಬರುವುದಿಲ್ಲ. ಒಂದು ಪತ್ರದಲ್ಲಿ ಅರ್ಧ ವಾಕ್ಯ, ಮತ್ತೊಂದರಲ್ಲಿ ಊರುಗೋಲಿನ ಹಾಸ್ಯ. ಹಂದಿಗಳ ಗ್ರಂಥಿಯಿಂದ ತೆಗೆದ ಔಷಧದಿಂದ ತಾನು ಬದುಕಿರುವುದರಿಂದ ಶಿಕಾಗೋದ ಕಸಾಯಿಖಾನೆಯ ಹಂದಿಗಳಿಗೆ ಸಲ್ಲಿಸಿದ ಕೃತಜ್ಞತೆ. ಬರೆಯುವಷ್ಟು ಶಕ್ತಿ ಉಳಿದಿದೆ, ತನ್ನ ಕೆಲಸವೂ ಅಷ್ಟೇ ಆಗಿರುವುದರಿಂದ ಒಂದು ಕಣ್ಣನ್ನು ಕಿರಿದು ಮಾಡಿ ನೋಡಿದರೆ ಇದನ್ನೂ ವರವೆನ್ನಬಹುದೆಂಬ ಲೆಕ್ಕಾಚಾರ. ಆ ಕಿರಿದು ಮಾಡಿದ ಕಣ್ಣನ್ನು ಮರೆತು ಅವಳನ್ನು ಸಂತಳನ್ನಾಗಿ ಮಾಡುವ ಭಕ್ತರಿದ್ದಾರೆ. ಅವರು ಪತ್ರಗಳನ್ನು ಓದಿಲ್ಲವೆನ್ನಬೇಕು. ಪತ್ರವೆಂಬ ಪ್ರಕಾರ ಇಲ್ಲಿ ಆಕಸ್ಮಿಕವಲ್ಲ. ಕಾದಂಬರಿಗೆ ಅಂತ್ಯ ಬೇಕು, ಪತ್ರಕ್ಕೆ ಬೇಡ. ಅದು ನಿಂತು, ಎರಡು ವಾರ ಬಿಟ್ಟು, ಮತ್ತೆ ಹೊರಡುತ್ತದೆ. ನಡುವಿನ ಮೌನದಲ್ಲಿ ರೋಗ ಉಲ್ಬಣಿಸಿತ್ತೆಂದು ತಾರೀಖುಗಳ ಅಂತರದಿಂದ ನಾವು ತಿಳಿದುಕೊಳ್ಳಬೇಕು.

ಈಚಿನ ಕೃತಿಗಳಲ್ಲಿ ಕವಯಿತ್ರಿ ಮೇಗನ್ ಓರೂರ್ಕ್ ಬರೆದ ‘ದಿ ಇನ್‌ವಿಸಿಬಲ್ ಕಿಂಗ್‌ಡಮ್’ (2022) ಗಮನಾರ್ಹವಾದದ್ದು. ನಂಬದ ವೈದ್ಯರ ಎದುರು ಕುಳಿತಿರುವ ರೋಗಿಯ ಅವಸ್ಥೆಯನ್ನು ಅದರಷ್ಟು ವಿವರವಾಗಿ ಹೇಳಿದ ಗ್ರಂಥಗಳು ಕಡಮೆ. ಆದರೆ ನಿದಾನದ ಬೆನ್ನುಹತ್ತಿ ಹೋಗುವ ಪತ್ತೇದಾರಿಯ ಜಾಡು ಅದರಲ್ಲಿ ಬಲವಾಗಿದೆ. ಉತ್ತರ ಸಿಕ್ಕೀತೆಂಬ ಕುತೂಹಲ ಓದಿಸಿಕೊಂಡು ಹೋಗುತ್ತದೆ. ನಿದಾನ ಸಿಕ್ಕಿದ ಮೇಲಿನ ಹದಿ‌ನೈದನೆಯ ವರ್ಷದ ಮಂಗಳವಾರವನ್ನು ಬರೆಯುವುದು ಇನ್ನೂ ಕಷ್ಟ.

ನಮ್ಮ ಆಯುರ್ವೇದವು ಆ ಮಂಗಳವಾರಕ್ಕೆ ಒಂದು ಹೆಸರನ್ನು ಕೊಟ್ಟಿದೆ. ಚರಕ ಸುಶ್ರುತರು ಸಾಧ್ಯ, ಅಸಾಧ್ಯಗಳ ಜೊತೆಗೆ ‘ಯಾಪ್ಯ’ವೆಂಬ ವರ್ಗವನ್ನು ಹೇಳುತ್ತಾರೆ: ವಾಸಿಯಾಗದು, ಆದರೆ ಚಿಕಿತ್ಸೆ ನಡೆಯುತ್ತಿರುವವರೆಗೆ ರೋಗಿಯನ್ನು ನಿಲ್ಲಿಸಿಕೊಂಡು ಹೋಗಬಹುದು. ಬೀಳಲಿರುವ ಮನೆಗೆ ಸರಿಯಾಗಿ ಆನಿಸಿಕೊಟ್ಟ ಊರೆಗಂಬವನ್ನು ಸುಶ್ರುತನು ಇದಕ್ಕೆ ಹೋಲಿಸುತ್ತಾನೆ. ಇಲ್ಲಿ ಯುದ್ಧವಿಲ್ಲ, ದ್ರೋಹವಿಲ್ಲ, ಮರಗೆಲಸವಿದೆ. ‘ಯಾಪ್ಯ’ವೂ ನಾವು ಬಳಸುವ ‘ಕಾಲಯಾಪನೆ’ಯೂ ಒಂದೇ ಧಾತುವಿನಿಂದ ಬಂದವು: ಸಾಗಿಸುವುದು, ಕಳೆಯುವುದು. ಕಾಲಯಾಪನೆಗೆ ಕನ್ನಡದಲ್ಲಿ ಈಗ ಹೊತ್ತುಗಳೆಯುವವನ ಮೇಲಿನ ನಿಂದೆ ಅಂಟಿಕೊಂಡಿದೆ. ಮೈ ಸೋತವಳು ಒಂದು ದಿನವನ್ನು ಬೆಳಗಿನಿಂದ ರಾತ್ರಿಗೆ ಸಾಗಿಸುವುದು ಎಷ್ಟು ದೊಡ್ಡ ಕಾರ್ಯವೆಂದು ಬಲ್ಲವರು ಆ ನಿಂದೆಯನ್ನು ಒಪ್ಪಲಾರರು.

ಕಥನದಲ್ಲಿಯೂ ಒಂದು ಮೇಲ್ಪಂಕ್ತಿ ನಮ್ಮಲ್ಲಿದೆ. ದಕ್ಷನು ಚಂದ್ರನಿಗೆ ಕೊಟ್ಟ ಕ್ಷಯದ ಶಾಪದ ಕಥೆ ಭಾರತದಲ್ಲಿ ಶಲ್ಯಪರ್ವದಲ್ಲಿ ಬರುತ್ತದೆ. ಶಾಪವನ್ನು ಹಿಂದೆಗೆಯಲಾಗುವುದಿಲ್ಲ, ಪ್ರಭಾಸತೀರ್ಥದಲ್ಲಿ ಮಿಂದುದರ ಫಲವಾಗಿ ಚಂದ್ರನಿಗೆ ಅರ್ಧ ತಿಂಗಳು ಕರಗುವುದು, ಅರ್ಧ ತಿಂಗಳು ತುಂಬುವುದು ಎಂಬ ವ್ಯವಸ್ಥೆ ಏರ್ಪಡುತ್ತದೆ. ಉಲ್ಬಣ, ಉಪಶಮ, ಮತ್ತೆ ಉಲ್ಬಣ: ಅಂತ್ಯವಿಲ್ಲದ ರೋಗಕ್ಕೆ ಇದಕ್ಕಿಂತ ನಿಷ್ಠವಾದ ಕಥಾರೂಪವನ್ನು ನಾನು ಕಂಡಿಲ್ಲ. ಕಾರಣದ ಭಾಗ ಮಾತ್ರ ನಮಗೆ ಬೇಡವಾದದ್ದು. ರೋಹಿಣಿಯ ಮೇಲಿನ ಪಕ್ಷಪಾತಕ್ಕೆ ದಂಡನೆಯೆಂದು ಪುರಾಣ ಹೇಳುತ್ತದೆ. ಮನೆಗೆ ಬಂದ ನೆಂಟರು ‘ಯಾವ ಜನ್ಮದ್ದೋ’ ಎನ್ನುವುದು ಅದರ ಮುಂದುವರಿದ ಭಾಗ.

ಕೊನೆಯಲ್ಲಿ ಅನುವಾದದ ಸಣ್ಣ ಪ್ರಶ್ನೆಯೊಂದು. ಓಕಾನರಳ ಆ ಕಥೆಯನ್ನು ಕನ್ನಡಕ್ಕೆ ತರುವವರಿಗೆ ಶೀರ್ಷಿಕೆಯೇ ಮೊದಲ ತೊಡಕು. ‘ಎಂಡ್ಯೂರಿಂಗ್’ ಎಂಬಲ್ಲಿ ಬಹುಕಾಲ ಉಳಿಯುವುದೂ ಇದೆ, ಸಹಿಸುವುದೂ ಇದೆ. ‘ಚಿರಶೀತ’ವೆಂದರೆ ಔಷಧದ ಅಂಗಡಿಯ ಹೆಸರಾದೀತು. ‘ತೀರದ ಚಳಿ’ ಎಂದರೆ ಉಳಿಯುವ ಅರ್ಥ ಬಂದು ಸಹಿಸುವ ಅರ್ಥ ಬಿಟ್ಟುಹೋಗುತ್ತದೆ. ‘ತಾಳಿಕೆಯ ಚಳಿ’ ಎಂದರೆ ಚಳಿಗೇ ತಾಳ್ಮೆಯಿರುವಂತೆ ಕೇಳುತ್ತದೆ. ನಾನಾದರೆ ‘ಬಾಳಿಕೆಯ ಚಳಿ’ ಎಂದು ಇಟ್ಟೇನು. ಸೀರೆ ಬಾಳಿಕೆ ಬಂತು, ಪಾತ್ರೆ ಬಾಳಿಕೆ ಬಂತು ಎಂದು ನಮ್ಮ ಮನೆಗಳಲ್ಲಿ ಆಡುವ ಮಾತದು. ಬಾಳಿನ ಜೊತೆಗೇ ಹುಟ್ಟಿದ ಮಾತು. ಹೆಂಗಸರು ಅದನ್ನು ಆಡುವಾಗ ಅದರಲ್ಲಿ ದುಃಖವೂ ಇರುವುದಿಲ್ಲ, ಹೆಮ್ಮೆಯೂ ಹೆಚ್ಚಿರುವುದಿಲ್ಲ. ವಸ್ತುವನ್ನು ಜೋಪಾನವಾಗಿ ಬಳಸಿದ ಲೆಕ್ಕವಷ್ಟೇ ಇರುತ್ತದೆ.